ಬೆನ್ನು ತೆರೆದ ಕರಡಿ

ಆಲ್ವಿನ್ ಮಾಡಿದ ತಪ್ಪು ಒಂದೇ. ಅವನಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು.

ಅವನು ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೊದಲ ಶನಿವಾರ ಅದು. ನಾನೂ ನನ್ನ ಅತ್ತೆ ಮಿನ್ನಾನೂ ವಾರವಿಡೀ ಹೊಲಿದ ಆಟಿಕೆ ಕರಡಿಗಳನ್ನು ಬೆನ್ನುಬುಟ್ಟಿಗೆ ತುಂಬಿಕೊಂಡು ವ್ಯಾಪಾರಿಯ ಗೋದಾಮಿಗೆ ಒಪ್ಪಿಸಲು ಹೋಗಿದ್ದೆವು. ಜರ್ಮನಿಯ ನಮ್ಮ ನೊಯ್‌ಸ್ಟಾಟ್‌ನಲ್ಲಿ ಶನಿವಾರ ಬಂತೆಂದರೆ ಅರ್ಧ ಊರೇ ಬೆನ್ನು ಬಗ್ಗಿಸಿಕೊಂಡು ಆ ದಾರಿ ಹಿಡಿಯುತ್ತದೆ. ಯುದ್ಧ ಮುಗಿದು ಐದು ವರ್ಷವಾಗಿತ್ತು. ನಮ್ಮ ಗಂಡಸರು ಬರಲಿ ಬಿಡಲಿ, ಅಮೆರಿಕದ ಮಕ್ಕಳಿಗೆ ಕರಡಿ ಬೇಕೇ ಬೇಕು.

ಮನೆಗೆ ಬಂದು ನಾನಿನ್ನೂ ಬುಟ್ಟಿ ಇಳಿಸಿರಲಿಲ್ಲ, ಒಳಗಿನಿಂದ ಅತ್ತೆ ಕಿರುಚಿದರು.

"ಯಾರು? ಯಾರು ಮುಚ್ಚಿದ್ದು ಇದನ್ನ?"

ಪಕ್ಕದ ಶೆಡ್‌ನಿಂದ ಆಲ್ವಿನ್ ಓಡಿ ಬಂದ. ಹುಬ್ಬಿನಲ್ಲೆಲ್ಲ ಮರದ ನಾರು. ಕರಡಿಗಳ ಹೊಟ್ಟೆಗೆ ಆ ನಾರನ್ನು ಕೋಲಿನಿಂದ ತುರುಕುವುದು ಅವನ ಕೆಲಸ.

"ನಾನೇ ಅಮ್ಮಾವ್ರೇ. ಶೆಲ್ಫ್ ಮೇಲೆ ಅರ್ಧ ತುಂಬಿದ ಕರಡಿ ಕೂತಿತ್ತು. ಬೆನ್ನಲ್ಲಿ ಸೂಜಿ ದಾರ ಹಾಗೇ ನೇತಾಡ್ತಿತ್ತು. ಮರೆತಿದ್ದೀರೇನೋ ಅಂತ ತುಂಬಿ ಹೊಲಿದುಬಿಟ್ಟೆ."

ಶಹಬ್ಬಾಸ್ ಸಿಗುತ್ತದೆಂದು ನಗುತ್ತಾ ನಿಂತಿದ್ದ, ಪೆದ್ದ.

ಅತ್ತೆ ಅವನ ಕೆನ್ನೆಗೆ ಬಾರಿಸಿದರು.

ಅವನಿಗೆ ಹೇಗೆ ಗೊತ್ತಿರಬೇಕು? ಇದು ನಮ್ಮ ಮನೆಯ ಪದ್ಧತಿ. ದೂರ ಹೋಗುವವನು ಕೈಯಲ್ಲಿರುವ ಕೆಲಸವನ್ನು ಅರ್ಧ ಬಿಟ್ಟು ಹೋಗಬೇಕು. ಅರ್ಧ ಕೆಲಸ ಕೈಯನ್ನು ವಾಪಸ್ ಎಳೆದುಕೊಂಡು ಬರುತ್ತದಂತೆ. ಹಿಂದಿನ ಯುದ್ಧಕ್ಕೆ ಹೋಗುವಾಗ ನನ್ನ ಮಾವ ಹಾಗೇ ಒಂದು ಕರಡಿಯ ಬೆನ್ನು ತೆರೆದಿಟ್ಟು ಹೋಗಿದ್ದರು. ಹೋದಂತೆಯೇ ಬಂದು ತಾವೇ ಮುಚ್ಚಿದರು. ಅಂಥ ಸಾಕ್ಷಿ ಕಣ್ಣೆದುರಿಗಿದ್ದ ಮೇಲೆ ಅತ್ತೆಯ ನಂಬಿಕೆಯನ್ನು ಅಲ್ಲಾಡಿಸುವವರು ಯಾರು! ಮಗ ಎವಾಲ್ಡ್ ಹೊರಟಾಗ ಅವನ ಕೈಯಲ್ಲಿದ್ದ ಕರಡಿಯನ್ನು ಅವರೇ ಕಿತ್ತು ಶೆಲ್ಫ್ ಮೇಲಿಟ್ಟರು. ಎವಾಲ್ಡ್ ನನ್ನ ಗಂಡ. ರಷ್ಯಾದಿಂದ ಒಂದು ಕಾರ್ಡ್ ಬಂತು. ಆಮೇಲೆ ಅವನೂ ಇಲ್ಲ, ಅವನ ಸುದ್ದಿಯೂ ಇಲ್ಲ.

ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಅತ್ತೆ ಆ ಕರಡಿಯ ಬೆನ್ನಿನ ಸೀಳಿಗೆ ಬೆರಳು ಹಾಕಿ ನೋಡುತ್ತಿದ್ದರು. ಸೀಳು ತೆರೆದಿದ್ದರೆ ಅವರ ಮಗ ಬದುಕಿದ್ದಾನೆ.

"ಬಿಚ್ಚು ತೆಕ್ಲಾ," ಎಂದರು ಅತ್ತೆ ನನಗೆ. ಕರಡಿಯನ್ನು ನನ್ನ ಕೈಗೆ ನೂಕಿದರು. "ಈಗಲೇ ಬಿಚ್ಚು."

ನಾನು ಕರಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹೊಲಿಗೆ ಕಾಣಲಿಲ್ಲ. ತಿರುಗಿಸಿದೆ. ಹೊಟ್ಟೆಯೊಳಗಿನ ಕೂಗುಡಬ್ಬಿ 'ಗುರ್' ಎಂದಿತು. ಆದರೂ ಕಾಣಲಿಲ್ಲ.

ಮೊಹೇರ್ ಎಂದರೆ ಆಡಿನ ಕೂದಲಿನ ಬಟ್ಟೆ. ಕೈ ಪಳಗದ ಹೊಲಿಗೆಯವರು ಆ ಕೂದಲನ್ನೂ ಸೇರಿಸಿ ಹೊಲಿದುಬಿಡುತ್ತಾರೆ. ಆಗ ಬೈತಲೆ ತೆಗೆದಂತೆ ಬೋಳು ಗೆರೆ ಮೂಡುತ್ತದೆ. ಬಲ್ಲವರು ಮೊದಲು ಕೂದಲನ್ನು ಸೂಜಿಯ ತುದಿಯಿಂದ ಅಂಚಿನಾಚೆ ಸರಿಸಿ, ಬುಡದ ಬಟ್ಟೆಯನ್ನಷ್ಟೇ ಹಿಡಿದು, ಈ ಅಂಚಿಗೊಂದು ಆ ಅಂಚಿಗೊಂದು ಸಡಿಲವಾಗಿ ಹಾಕುತ್ತಾ ಹೋಗುತ್ತಾರೆ. ಕೊನೆಗೆ ಮೇಣ ಸವರಿದ ದಾರವನ್ನು ಮೆಲ್ಲಗೆ ಎಳೆದರೆ ಎರಡು ಅಂಚೂ ಒಂದನ್ನೊಂದು ಅಪ್ಪುತ್ತವೆ. ಗಂಟು ಒಳಗೇ ಮಾಯ. ಸಿಕ್ಕಿಬಿದ್ದ ಒಂದೆರಡು ಕೂದಲನ್ನು ಸೂಜಿಯಿಂದ ಎತ್ತಿ ಬಾಚಿದರೆ, ಅಲ್ಲಿ ಗಾಯವಿತ್ತೆಂದು ದೇವರಿಗೂ ಗೊತ್ತಾಗುವುದಿಲ್ಲ. ಇದನ್ನು ನನಗೆ ಕಲಿಸಿದವರೇ ಅತ್ತೆ. ಊರಿನಲ್ಲಿ ಅವರನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ.

"ಎಲ್ಲಿ ಹೊಲಿದಿದ್ದೀರಿ?" ಕೇಳಿದೆ ಆಲ್ವಿನ್‌ನನ್ನು.

"ಬೆನ್ನಲ್ಲಿ."

"ಬೆನ್ನು ಎಲ್ಲಿರುತ್ತೆ ಅಂತ ನನಗೂ ಗೊತ್ತು ಕಣ್ರೀ. ಹೊಲಿಗೆ ಎಲ್ಲಿ?"

"ಸಿಗ್ತಿಲ್ವಾ?" ಕೆನ್ನೆ ಕೆಂಪಗೆ ಊದಿತ್ತು, ಆದರೂ ತುಟಿಯ ಒಂದು ಮೂಲೆ ನಕ್ಕಿತು.

"ಏನು ಜಂಭ! ಸುಮ್ನೆ ತೋರ್ಸಿ. ಅಂದಾಜಲ್ಲಿ ಕತ್ತರಿ ಹಾಕಿದ್ರೆ ಕೂದಲು ಹಾಳಾಗುತ್ತೆ."

ಅವನು ನನ್ನ ತೋರುಬೆರಳು ಹಿಡಿದ. ಅವನ ಎಡಗೈಯ ಎರಡು ಬೆರಳು ರಷ್ಯಾದ ಚಳಿಗೆ ಉದುರಿಹೋಗಿದ್ದವು. ಉಳಿದ ಮೂರು ಬೆಚ್ಚಗಿದ್ದವು. "ಕಣ್ಣಲ್ಲಿ ಹುಡುಕಬೇಡಿ. ಕೂದಲಿನ ಎದುರು ದಿಕ್ಕಿಗೆ ಬೆರಳು ಎಳೀರಿ. ಮೆಲ್ಲಗೆ. ಹಾಂ... ಇಲ್ಲಿ."

ಅಲ್ಲಿತ್ತು. ಅಕ್ಕಿಕಾಳಿನಷ್ಟೂ ಉಬ್ಬಿಲ್ಲದ ಒಂದು ಗೆರೆ. ನನ್ನ ಬೆರಳು ಅದರ ಮೇಲಿತ್ತು, ಅವನ ಬೆರಳು ನನ್ನ ಬೆರಳಿನ ಮೇಲಿತ್ತು. ಅಷ್ಟು ವರ್ಷ ನನ್ನನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ಹಿಂದೆ ಅತ್ತೆ ಅಳುತ್ತಿದ್ದಾರೆ, ನನ್ನ ಎದೆ ಮಾತ್ರ ನಾಚಿಕೆಗೆಟ್ಟು ಡವಗುಟ್ಟುತ್ತಿದೆ.

ದಾರ ಕತ್ತರಿಸಿದೆ. ಸೀಳು ಬಾಯಿ ಬಿಟ್ಟಿತು. ಅವನು ಹೊಸದಾಗಿ ತುರುಕಿದ್ದ ನಾರನ್ನೆಲ್ಲ ಅತ್ತೆಯೇ ಕಿತ್ತು ಹಾಕಿ, ಎವಾಲ್ಡ್‌ನ ಹಳೆಯ ಸೂಜಿಯನ್ನು ದಾರದ ಸಮೇತ ಮತ್ತೆ ಸೀಳಿಗೆ ಸಿಕ್ಕಿಸಿದರು.

*

ಅವನನ್ನು ಅತ್ತೆ ಕೆಲಸದಿಂದ ತೆಗೆಯಲಿಲ್ಲ. ತುರುಕುವ ಕೈ ಸಿಗುವುದೇ ಕಷ್ಟವಾಗಿತ್ತು. ಆದರೆ ಅವನನ್ನು ಕ್ಷಮಿಸಲೂ ಇಲ್ಲ. ಅವನೂ ರಷ್ಯಾಕ್ಕೆ ಹೋಗಿದ್ದವನು, ಬಂದಿದ್ದ. ಅದೇ ಅವನ ದೊಡ್ಡ ಅಪರಾಧ.

ಆಲ್ವಿನ್ ಗುಡ್ಡದಾಚೆಯ ಸೊನೆಬರ್ಗ್‌ನವನು. ಈಗ ದೇಶವೇ ಎರಡಾಗಿ ನಡುವೆ ಗಡಿ ಬಿದ್ದಿತ್ತು. ಮನೆಯವರು ಯಾರೂ ಉಳಿದಿರಲಿಲ್ಲ. ಅದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, "ಆದ್ರೆ ಕಡುಬು ಮಾಡೋಕೆ ಬರುತ್ತೆ ನಂಗೆ" ಎಂದು ಸೇರಿಸಿದ್ದ. ಒಂದು ಭಾನುವಾರ ಮಾಡಿಯೂ ಬಿಟ್ಟ. ಆಲೂಗಡ್ಡೆ ಕಡುಬುಗಳು ಗೋಡೆಗೆ ಎಸೆದರೆ ಪುಟಿದು ಬರುವಷ್ಟು ಗಟ್ಟಿ.

"ಇದಕ್ಕೂ ನಾರು ತುರುಕಿದ್ದೀರಾ?" ಎಂದೆ.

"ತಿನ್ನಿ, ಮಾತಾಡ್ಬೇಡಿ. ನಿಮ್ಮ ಬಾಯಿ ಮುಚ್ಚಲಿ ಅಂತಾನೇ ಮಾಡಿದ್ದು."

ಅತ್ತೆ ನಗಲಿಲ್ಲ. ಆದರೆ ಎರಡನೆಯ ಕಡುಬು ಹಾಕಿಸಿಕೊಂಡರು.

ನನ್ನ ಬಳಿ ಕಳಿಸುವ ಕರಡಿಗಳಲ್ಲಿ ಒಂದಕ್ಕೆ ಅವನು ದಿನಾ ಬೇಕೆಂದೇ ಕತ್ತು ಸೊಟ್ಟಗೆ ತುಂಬುತ್ತಿದ್ದ. ನಾನು ಬಯ್ಯಲು ಶೆಡ್‌ಗೆ ಹೋಗಬೇಕು, ಅದಕ್ಕೆ. ನಾನೂ ಬೇಕೆಂದೇ ಹೋಗುತ್ತಿದ್ದೆ. ಹೋದರೆ ಅವನು ತಲೆಯೆತ್ತುವ ಮೊದಲೇ ಅವನ ಕಿವಿ ಕೆಂಪಾಗಿರುತ್ತಿತ್ತು. ಅದ್ಯಾವಾಗ 'ನೀವು' ಹೋಗಿ 'ನೀನು' ಬಂತೋ, ಇಬ್ಬರೂ ಗಮನಿಸದ ಹಾಗೆ ನಟಿಸಿದೆವು.

ಎವಾಲ್ಡ್‌ನ ಮುಖ ನನಗೆ ನೆನಪಿಗೆ ಬರುತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಯುದ್ಧದ ನಡುವೆ ರಜೆಯಲ್ಲಿ ಬಂದವನು ಮದುವೆಯಾಗಿ ಹೊರಟುಹೋಗಿದ್ದ. ಫೋಟೋ ನೋಡಿದರೆ ಫೋಟೋ ಮಾತ್ರ ನೆನಪಾಗುತ್ತಿತ್ತು.

*

ಶರತ್ಕಾಲ ಮುಗಿಯುತ್ತಾ ಬಂದಾಗ ಆಲ್ವಿನ್ ಕೇಳಿಯೇಬಿಟ್ಟ. ಶೆಡ್‌ನಲ್ಲಿ, ನಾರಿಗೆ ನೀರು ಚಿಮುಕಿಸುತ್ತಾ.

"ತೆಕ್ಲಾ, ನನ್ನ ಮದುವೆ ಆಗ್ತೀಯಾ?"

"ನನಗೆ ಗಂಡ ಇದ್ದಾನೆ."

"ಇದ್ದಾನಾ?"

ಕಾಣೆಯಾದವನು ಸತ್ತಿದ್ದಾನೆಂದು ಕೋರ್ಟಿಗೆ ಹೋಗಿ ಹೇಳಿದರೆ ಸಾಕಿತ್ತು, ಊರಿನ ಎಷ್ಟೋ ಹೆಂಗಸರು ಹೇಳಿದ್ದರು. ಪಾದ್ರಿಗಳಂತೂ ಪ್ರತಿ ನವೆಂಬರ್ ಬಂದು, ತೀರಿಹೋದವರನ್ನು ನೆನೆಯುವ ಸತ್ತವರ ಭಾನುವಾರ ಚರ್ಚಿನಲ್ಲಿ ಎವಾಲ್ಡ್‌ನ ಹೆಸರು ಓದಲೇ ಎಂದು ಕೇಳುತ್ತಿದ್ದರು. ಪ್ರತಿ ನವೆಂಬರ್ ಅತ್ತೆ ಅವರ ಮುಖಕ್ಕೆ ಬಾಗಿಲು ಹಾಕುತ್ತಿದ್ದರು.

"ನಾನು ಹೋಗಿ ಹಾಗೆ ಹೇಳಿದ್ರೆ ಅವರ ಮಗನ್ನ ನಾನೇ ಕೊಂದ ಹಾಗೆ ಆಲ್ವಿನ್. ಅವರು ಉಳಿಯಲ್ಲ."

"ಆ ಚಳೀಲಿ ಬಿದ್ದೋರು ಎದ್ದಿದ್ದನ್ನ ನಾನು ನೋಡಿಲ್ಲ. ಅವರಿಗೆ ಹೇಳಿಲ್ಲ, ಹೇಳೋದೂ ಇಲ್ಲ." ಕೈ ಒರೆಸಿಕೊಂಡ. "ಸತ್ತವನಾದ್ರೆ ಅವನ ಜೊತೆ ಹೇಗೋ ಬಾಳ್ತೀನಿ. ಯಾವತ್ತು ಬೇಕಾದ್ರೂ ಬಾಗಿಲು ತಟ್ಟಬಹುದಾದವನ ಜೊತೆ ನನಗಾಗಲ್ಲ. ನ್ಯೂರೆಂಬರ್ಗ್‌ನಲ್ಲಿ ಕೆಲಸ ಇದೆಯಂತೆ. ಈ ತಿಂಗಳು ಮುಗಿಸಿ ಹೊರಡ್ತೀನಿ."

ನಾನು ಮನೆಯೊಳಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತೆ, ಹೊಲಿದೆ.

ಮರುದಿನದಿಂದ ಅವನು ಕೊಟ್ಟ ಯಾವ ಕರಡಿಯ ಕತ್ತೂ ಸೊಟ್ಟಗಿರಲಿಲ್ಲ. ನಾನೇ ಕೆಟ್ಟೆ. ಕೂದಲು ದಾರಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಬೋಳು ಗೆರೆ ಬೀಳುತ್ತಿತ್ತು. ಒಂದಕ್ಕೆ ಎರಡೂ ಎಡಗಾಲು ಹಾಕಿದೆ. ಅತ್ತೆ ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ನಾನು ಹೊಲಿದದ್ದನ್ನು ಎತ್ತಿಕೊಂಡು ಒಂದೊಂದಾಗಿ ಬಿಚ್ಚಿ, ತಾವೇ ಹೊಲಿದು, ಪಕ್ಕಕ್ಕಿಡುತ್ತಿದ್ದರು. ಬಿಚ್ಚುವಾಗ ಆಗಾಗ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

ಅವನ ಕೆಲಸದ ಕೊನೆಯ ದಿನ ಮಧ್ಯಾಹ್ನ ಶೆಡ್‌ಗೆ ಹೋದೆ. ಬೆಂಚಿನ ಮೇಲೆ ಒಂದೇ ಕರಡಿ ಉಳಿದಿತ್ತು. ಅದರ ಹೊಟ್ಟೆಗೆ ಅವನು ಕೊನೆಯ ಹಿಡಿ ನಾರು ತುರುಕುತ್ತಿದ್ದ.

"ಅದೊಂದನ್ನ ಅರ್ಧಕ್ಕೇ ಬಿಡು," ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ಆಲ್ವಿನ್, ನಿನ್ನ ದಮ್ಮಯ್ಯ. ಒಂದನ್ನ ಅರ್ಧ ಬಿಟ್ಟು ಹೋಗು."

ಅವನ ಕೋಲು ನಿಂತಿತು. ಕಣ್ಣು ತುಂಬಿಬಂತು ಅವನಿಗೆ.

"ಬೇಡ ಕಣೇ. ಕಾಯೋರ ಪಾಡು ಈ ಮನೇಲಿ ದಿನಾ ನೋಡಿದ್ದೀನಿ. ನಿನಗೆ ಅದನ್ನ ನಾನು ಬಿಟ್ಟು ಹೋಗಲ್ಲ."

ಕರಡಿಯನ್ನು ಪೂರ್ತಿ ತುಂಬಿದ. ಸೂಜಿ ತೆಗೆದುಕೊಂಡ. ಕೂದಲು ಸರಿಸಿದ, ಈ ಅಂಚಿಗೊಂದು, ಆ ಅಂಚಿಗೊಂದು. ದಾರ ಎಳೆದ. ನಾನು ಅಳುತ್ತಾ ನೋಡುತ್ತಿದ್ದೆ. ಅವನನ್ನು ಎಷ್ಟು ಪ್ರೀತಿಸುತ್ತಿದ್ದೆನೆಂದರೆ, ಆ ಹಾಳು ಹೊಲಿಗೆ ಎಷ್ಟು ಚೆನ್ನಾಗಿದೆ ಎಂದೂ ಅನಿಸಿತು.

ತಿರುಗಿದರೆ ಬಾಗಿಲಲ್ಲಿ ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಿರುಗಿ ಮನೆಯೊಳಗೆ ಹೋದರು.

ಹಿಂದೆಯೇ ಓಡಿದೆ. ಅತ್ತೆ ಶೆಲ್ಫ್‌ನಿಂದ ಎವಾಲ್ಡ್‌ನ ಕರಡಿಯನ್ನು ಇಳಿಸಿಕೊಂಡಿದ್ದರು. ಮಡಿಲಲ್ಲಿ ಬೋರಲು ಮಲಗಿಸಿದಾಗ ಅದು 'ಗುರ್' ಎಂದಿತು.

"ಸುಮ್ನಿರಪ್ಪಾ," ಎಂದರು ಅದಕ್ಕೆ. ಸೀಳಿನಲ್ಲಿ ನೇತಾಡುತ್ತಿದ್ದ ಸೂಜಿ ತುಕ್ಕು ಹಿಡಿದಿತ್ತು. ಅದನ್ನು ಕಿತ್ತು ತಮ್ಮ ಸೂಜಿ ಪೋಣಿಸಿ ಹೊಲಿಯತೊಡಗಿದರು.

"ಅತ್ತೇ, ಏನು ಮಾಡ್ತಿದ್ದೀರಿ? ಬೇಡ! ನಾನೇನೂ ಕೇಳಿಲ್ಲ, ಅವನು ಹೋಗ್ತಾನೆ, ಬೇಡ ಅತ್ತೇ!"

"ಬಾಯಿ ಮುಚ್ಚು." ಕೈ ನಿಲ್ಲಿಸಲಿಲ್ಲ. ಕೂದಲನ್ನು ಸರಿಸಲಿಲ್ಲ, ಬಟ್ಟೆಯ ಜೊತೆಗೇ ಸೇರಿಸಿ ಹೊಲಿಯುತ್ತಿದ್ದರು, ಈಗಷ್ಟೇ ಕಲಿಯುತ್ತಿರುವವಳ ಹಾಗೆ. ಹನಿ ಹನಿಯಾಗಿ ಕಣ್ಣೀರು ಮೊಹೇರ್ ಮೇಲೆ ಬಿತ್ತು. "ಹೋದವನಿಗೋಸ್ಕರ ಒಂದು ಕರಡಿ ತೆರೆದಿಟ್ಟೆ. ಇದ್ದವಳನ್ನ ಜೀವಂತ ಹೊಲಿದುಬಿಟ್ಟೆ. ನಿನ್ನ ಕೆಲಸ ಬಿಚ್ಚುವಾಗ ಗೊತ್ತಾಯ್ತು ಕಣೇ ನನಗೆ. ಒಂದೊಂದು ಹೊಲಿಗೇಲೂ ನಿನ್ನ ಸಂಕಟಾನೇ ಕೈಗೆ ಸಿಕ್ತು."

ದಾರ ಎಳೆದು ಗಂಟು ಹಾಕಿದರು, ಮೇಲೆಯೇ, ಕಾಣುವ ಹಾಗೆ. ಬೆನ್ನ ಉದ್ದಕ್ಕೂ ಸೊಟ್ಟ ಬೋಳು ಗೆರೆ. ನಾನು ಅಭ್ಯಾಸಬಲದಿಂದ ಸಿಕ್ಕಿಬಿದ್ದ ಕೂದಲನ್ನು ಎತ್ತಲು ಸೂಜಿ ಚಾಚಿದೆ.

ಕೈಗೆ ಪಟ್ಟನೆ ಹೊಡೆದರು. "ಮುಟ್ಟಬೇಡ. ಇದೊಂದು ಕಾಣಲಿ."

ಎದ್ದರು. ಮಂಡಿ ಹಿಡಿದುಕೊಂಡು ಶೆಡ್‌ಗೆ ನಡೆದರು. ಆಲ್ವಿನ್ ಕೋಟು ಹಾಕಿಕೊಂಡು, ಪೆಟ್ಟಿಗೆ ಹಿಡಿದು ನಿಂತಿದ್ದ. ಅತ್ತೆ ಅವನ ಖಾಲಿ ಬೆಂಚಿನ ಮೇಲೆ ಕರಡಿಯನ್ನಿಟ್ಟರು. ಅವನು ಅದರ ಬೆನ್ನು ನೋಡಿದ, ಅವರ ಮುಖ ನೋಡಿದ. ಟೋಪಿ ತೆಗೆದ.

"ಏನು ನಿಂತಿದ್ದೀಯ?" ಎಂದರು ಅತ್ತೆ. "ಸೋಮವಾರಕ್ಕೆ ಬೇಕು, ನಾರು ನೆನೆಹಾಕು. ನಾನು ಪಾದ್ರಿ ಮನೆಗೆ ಹೋಗಿ ಬರ್ತೀನಿ. ಹೆಸರು ಕೊಡಬೇಕು."

ಆಲ್ವಿನ್ ಪೆಟ್ಟಿಗೆ ಕೆಳಗಿಟ್ಟ. ನನ್ನನ್ನು ಅಪ್ಪಿಕೊಂಡ. ಅವನ ಕೋಟಿನಲ್ಲಿ ಮುಖ ಹುದುಗಿಸಿ ನಾನು ಅತ್ತದ್ದು ಸಂತೋಷಕ್ಕೋ ಎವಾಲ್ಡ್‌ನಿಗೋ, ಇಂದಿಗೂ ಬಿಡಿಸಿ ಹೇಳಲಾರೆ.

ಸತ್ತವರ ಭಾನುವಾರ ಚರ್ಚಿನಲ್ಲಿ ಅವನ ಹೆಸರು ಓದಿದರು. ಅತ್ತೆ ನಮ್ಮಿಬ್ಬರ ನಡುವೆ ಕೂತಿದ್ದರು. ಹೆಸರು ಬಂದಾಗ ಅವರ ಒಂದು ಕೈ ನನ್ನ ಕೈ ಹಿಡಿಯಿತು, ಇನ್ನೊಂದು ಆಲ್ವಿನ್‌ನ ಮೂರು ಬೆರಳನ್ನು. ಕೋರ್ಟಿನ ಕೆಲಸ ಮುಗಿದ ಮೇಲೆ, ಆ್ಯಪಲ್ ಮರಗಳು ಹೂ ಬಿಡುವ ಹೊತ್ತಿಗೆ ನಮ್ಮ ಮದುವೆಯಾಯಿತು.

ಪ್ರಾರ್ಥನೆ ಮುಗಿಸಿ ಕರಡಿಯ ಬೆನ್ನು ಮುಟ್ಟುವ ಅಭ್ಯಾಸವನ್ನು ಅತ್ತೆ ಸಾಯುವವರೆಗೂ ಬಿಡಲಿಲ್ಲ. ಬೆರಳು ಸೀಳು ಹುಡುಕುತ್ತಿತ್ತು, ಗಂಟು ಸಿಗುತ್ತಿತ್ತು, ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆಮೇಲೆ ನನ್ನನ್ನು ಕಾಫಿಗೆ ಕೂಗುತ್ತಿದ್ದರು.

ಈಗ ನಾನು ಮುಟ್ಟುತ್ತೇನೆ. ಕೂದಲು ಇನ್ನೂ ಹೊಲಿಗೆಯಲ್ಲಿ ಸಿಕ್ಕಿಕೊಂಡೇ ಇದೆ. ನಾನು ಅದನ್ನು ಬಿಡಿಸಿಲ್ಲ.