ಗೆರೆ ಇಲ್ಲದ ಹೆಬ್ಬೆಟ್ಟು

"ಇದು ನಮ್ಮ ಅರ್ಜಿ ಅಲ್ರಿ ಸಾಹೇಬ್ರ!"

ಶಾಲೆಯಲ್ಲಿ ಸೇರಿದ್ದ ತಾಯಂದಿರ ನಡುವಿನಿಂದ ನೇಕಾರ ಓಣಿಯ ಇಂದ್ರವ್ವ ಎದ್ದು ನಿಂತಳು. ಶಿಕ್ಷಣಾಧಿಕಾರಿ ಪಂಢರೀನಾಥರು ಆಗಷ್ಟೇ ಓದಿ ಮುಗಿಸಿದ್ದರು— "ನಾವು ಇಳಕಲ್ಲಿನ ನೇಕಾರ ತಾಯಂದಿರು. ನಮ್ಮ ಹೆಣ್ಣುಮಕ್ಕಳಿಗೆ ನಾಲ್ಕನೆಯ ಇಯತ್ತೆ ಸಾಕು. ಐದನೆಯದು ಬೇಡ." ಕೆಳಗೆ ನಲವತ್ಮೂರು ಹೆಬ್ಬೆಟ್ಟು.

"ನಾ ಬರದದ್ದು ಇದಲ್ರಿ," ಎಂದೆ ನಾನೂ. 'ಶಾಲಾ ಸುಧಾರಣಾ ಮಹಿಳಾ ಮಂಡಳ'ದ ಕಾರ್ಯದರ್ಶಿಯಾಗಿ ತಾಯಂದಿರ ಅರ್ಜಿ ಬರೆದವಳು ನಾನು. ನಾನು ಬರೆದದ್ದು ಇದಕ್ಕೆ ತದ್ವಿರುದ್ಧ— ನಮ್ಮ ಸರಕಾರಿ ಹೆಣ್ಣುಮಕ್ಕಳ ಶಾಲೆಗೆ ಐದನೆಯ ಇಯತ್ತೆ ಕೊಡಿ ಎಂದು. ಮನೆಮನೆ ತಿರುಗಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆ. ಅದು ೧೯೭೯ರ ಏಪ್ರಿಲ್. ಇಂದ್ರವ್ವನ ಮಗಳು ಸಂಗವ್ವ ನಾಲ್ಕನೆಯದರಲ್ಲಿ ಮೊದಲ ನಂಬರು. ಐದನೆಯದು ಬರದಿದ್ದರೆ ಜೂನಿನಿಂದ ಅವಳು ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಕೂರಬೇಕು.

ಮಂಡಳದ ಅಧ್ಯಕ್ಷೆ ಗುರುಲಿಂಗವ್ವ ಅಮೀನಗಡದ ಕರದಂಟಿನ ತಟ್ಟೆಯನ್ನು ಸಾಹೇಬರತ್ತ ಸರಿಸಿದರು. ಸಂಕ್ರಾಂತಿಯಲ್ಲಿ ಮಂಡಳದ ಅಡುಗೆಗೆ ಕಾಯಿಪಲ್ಯ ಹೆಚ್ಚುವಾಗ ಬೆರಳಿಗೆ ಈಳಿಗೆ ತಾಗಿದ ಮೇಲೆ ಅವರು ಕೆಲಸ ಮಾಡಿದ್ದನ್ನು ಯಾರೂ ಕಂಡಿಲ್ಲ, ತಟ್ಟೆ ಸರಿಸುವುದೊಂದೇ.

"ಪಾಪ, ತಿಳಿವಳಿಕಿ ಇಲ್ಲದ ಮಂದಿ. ಮೊದಲ ಐದನೇದಕ್ಕ ಹೂಂ ಅಂದ್ರು. ಆಮ್ಯಾಲ ಗಂಡಂದ್ರು ಬೈದಿರಬೇಕು, ಬ್ಯಾಡ ಅಂತ ಒತ್ಯಾರ. ಹೆಬ್ಬೆಟ್ಟು ಕಣ್ಣ ಮುಂದ ಅದಾವಲ್ಲ?"

"ತುಳಸಾಬಾಯಿ, ನೀವು ಅರ್ಜಿ ಯಾರ ಕೈಯಾಗ ಕೊಟ್ರಿ?" ಸಾಹೇಬರು ಕೇಳಿದರು.

"ಅಧ್ಯಕ್ಷರ ಕೈಯಾಗ. ಸೋಮವಾರ."

"ನಾ ಅವತ್ತ ಮಾಸ್ತರಿಗೆ ಕೊಟ್ಟೆ, ಸಾಲಿ ಕಪಾಟಿನ್ಯಾಗ ಇಡ್ರಿ ಅಂತ," ಎಂದರು ಗುರುಲಿಂಗವ್ವ.

ಎಲ್ಲರ ಕಣ್ಣೂ ಮುಖ್ಯೋಪಾಧ್ಯಾಯ ಅಂದಾನಪ್ಪನವರ ಮೇಲೆ. ಐದನೆಯ ಇಯತ್ತೆ ಬಂದರೆ ಅವರ ಮಧ್ಯಾಹ್ನದ ನಿದ್ದೆಗೆ ಸಂಚಕಾರ— ಓಣಿಗೆಲ್ಲ ಗೊತ್ತಿದ್ದ ಮಾತು.

"ಲಕೋಟಿ ಅಂಟಿಸಿ ಕೊಟ್ಟಿದ್ರು. ನಾ ಒಡದಿಲ್ರಿ! ಹಂಗ ನೋಡಿದ್ರ ಮಲಕಪ್ಪ ಸಾವಕಾರ್ರೂ ಸಾಲಿಗೆ ಬಂದು ಹೋಗ್ಯಾರ."

ಅಲ್ಲೇ ಕುಳಿತಿದ್ದ ಮಲಕಪ್ಪ ನೂಲಿನ ವ್ಯಾಪಾರಿ. ಹುಡುಗಿಯರು ಶಾಲೆಗೆ ಹೋದರೆ ಕಂಡಿಕೆ ಸುತ್ತುವವರಿಲ್ಲ, ಅವನ ಮಗ್ಗಗಳು ನಿಲ್ಲುತ್ತವೆ.

"ಏ ಮಾಸ್ತರ, ನಾ ಬಂದಿದ್ದು ಸಾಲಿ ಗಂಟಿಗೆ ಹಗ್ಗ ಕೊಡಾಕ! ನಿನ್ನ ಕಪಾಟಿನ್ಯಾಗ ಜೇಡರ ಬಲಿ ಬಿಟ್ಟು ಇನ್ನೇನೈತಿ?" ಎಂದು ಅವನು ಗದರಿದ.

"ಸಾಹೇಬ್ರ, ಆ ಕಾಗದ ಒಂದೀಟು ಕೊಡ್ರಿ," ಎಂದಳು ಇಂದ್ರವ್ವ.

ಗುರುಲಿಂಗವ್ವ ನಕ್ಕರು. "ಓದಾಕ ಬರ್ತೈತೇನವಾ ನಿನಗ?"

"ಓದಾಕ ಬರೂದಿಲ್ರಿ. ನೋಡಾಕ ಬರ್ತೈತಿ."

ನೇಯ್ದ ಸೀರೆಯಲ್ಲಿ ಕಡಿದ ಎಳೆ ಹುಡುಕುವವಳಂತೆ ಕಾಗದವನ್ನು ಬೆಳಕಿಗೆ ಹಿಡಿದಳು. ಆಮೇಲೆ ನನ್ನತ್ತ ತಿರುಗಿದಳು.

"ಬಾಯಾರ, ನಮ್ಮನ್ಯಾಗ ಹೆಬ್ಬೆಟ್ಟು ಒತ್ತಿಸ್ಕೊಳ್ಳುವಾಗ ನನ್ನ ಮ್ಯಾಲ ಯಾಕ ಸಿಟ್ಟಾಗಿದ್ರಿ?"

"ನೀ ಸರಿಯಾಗಿ ಒತ್ತಲಿಲ್ಲ ಅಂತ. ಗೆರಿ ಮೂಡಲಿಲ್ಲ, ಬರೀ ಮಸಿ ಬಿತ್ತು."

"ನಂದೊಂದನ ಹಂಗಿತ್ತೇನು?"

ನೆನಪಾಯಿತು. "ಇಲ್ಲ... ಎಲ್ಲಾರದೂ."

"ಮತ್ತ ಇದರಾಗ?"

ನೋಡಿದೆ. ಪ್ರತಿ ಹೆಬ್ಬೆಟ್ಟಿನಲ್ಲೂ ಸುಳಿಸುಳಿಯಾದ ಗೆರೆಗಳು, ಒಂದೊಂದೂ ಎಣಿಸುವಷ್ಟು ಸ್ಪಷ್ಟ.

ಇಂದ್ರವ್ವ ತನ್ನ ಬೆರಳನ್ನು ಸಾಹೇಬರ ಮುಂದೆ ಚಾಚಿದಳು. "ಮಗ್ಗದಾಗ ಹಾಸಿನ ನೂಲು ಮುಗೀತಂದ್ರ, ಹಳೇ ಎಳಿಗೆ ಹೊಸಾ ಎಳಿ ಕೂಡಿಸ್ಬೇಕ್ರಿ. ಬೂದಿ ಹಚ್ಚಿ, ಬೆರಳಾಗ ತಿರುವಿ. ಸಾವಿರಾರು ಎಳಿ. ಆ ಕೆಲಸ ಹೆಣ್ಣಮಕ್ಕಳದು. ಸಣ್ಣಾಕಿ ಇದ್ದಾಗಿಂದ ತಿರುವಿ ತಿರುವಿ ನಮ್ಮ ಹೆಬ್ಬೆಟ್ಟಿನ ಗೆರಿ ಸವದು ಹೋಗ್ಯಾವ. ಇವು ಎಳಿ ಮುಟ್ಟದವರ ಹೆಬ್ಬೆಟ್ಟು. ಇನ್ನೊಂದು ನೋಡ್ರಿ— ಎಲ್ಲಾದರಾಗೂ ಅಡ್ಡಕ್ಕೊಂದು ಗೀರು ಐತಿ. ಒಂದ ಬೆರಳು, ನಲವತ್ಮೂರು ಸಲ!"

ಹೆಬ್ಬೆಟ್ಟು ಎಂದರೆ ಹೆಬ್ಬೆಟ್ಟು, ಅದನ್ನು ಯಾರು ನೋಡುತ್ತಾರೆ?— ಓದು ಬಲ್ಲವರೊಬ್ಬರು ಹಾಗೆಂದುಕೊಂಡಿದ್ದರು.

ಸಾಹೇಬರು ಮಸಿಯ ಡಬ್ಬಿ ತರಿಸಿದರು. ಮಾಸ್ತರರು ಒತ್ತಿದರು. ಗೀರು ಇಲ್ಲ. ಮಲಕಪ್ಪ ಬೈಯುತ್ತ ಒತ್ತಿದ. ಇಲ್ಲ.

"ಅಧ್ಯಕ್ಷರ, ನೀವು?"

"ನಾನಾ?" ಗುರುಲಿಂಗವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ನಾ ಸಹಿ ಮಾಡಾಕಿ! ನನ್ನನ್ನ ಹೆಬ್ಬೆಟ್ಟು ಒತ್ತಾಕಿ ಅಂತ ತಿಳದೀರೇನು?"

ಇಂದ್ರವ್ವ ನನ್ನನ್ನು ನೋಡಿದಳು. ಹನ್ನೆರಡು ವರ್ಷ ಆ ಮಂಡಳದಲ್ಲಿ ತಲೆಯಾಡಿಸಿದವಳು ನಾನು.

"ಒತ್ತಿಸೂದು ಬ್ಯಾಡ್ರಿ," ಎಂದೆ. "ಸಂಕ್ರಾಂತಿಗೆ ಆ ಗಾಯಕ್ಕ ಅರಿಷಿಣ ಹಚ್ಚಿದಾಕಿ ನಾನ. ಅದು ಗುರುಲಿಂಗವ್ವಕ್ಕಾರ ಹೆಬ್ಬೆಟ್ಟು."

ಸಾಹೇಬರು ತಮ್ಮ ಫೈಲಿನಿಂದ ಇನ್ನೊಂದು ಕಾಗದ ತೆಗೆದು ಓದಿದರು. "ಈಗ ತಿಳೀತು. ಸರಕಾರಿ ಐದನೇ ಇಯತ್ತೆ ತಾಯಂದಿರಿಗೇ ಬ್ಯಾಡಂತ. ಅದಕ್ಕ, ಫೀ ತಗೊಂಡು ಕನ್ಯಾಶಾಲೆ ನಡಸಾಕ ಮಂಡಳಕ್ಕ ಅಪ್ಪಣಿ ಕೊಡ್ಬೇಕಂತ." ಕೆಳಗೆ ಗುರುಲಿಂಗವ್ವನ ದುಂಡು ಸಹಿ.

"ತನ್ನ ಹೆಸರಿಗೆ ಸಹಿ," ಎಂದಳು ಇಂದ್ರವ್ವ. "ಹೊಲಸು ಕೆಲಸಕ್ಕ ನಮ್ಮ ಹೆಬ್ಬೆಟ್ಟು!"

"ಏನ ಮಾಡಿದ್ರೂ ನಿಮ್ಮ ಮಕ್ಕಳ ಒಳ್ಳೇದಕ್ಕ ಮಾಡೀನಿ!" ಎನ್ನುತ್ತ ಗುರುಲಿಂಗವ್ವ ಮತ್ತೆ ಕರದಂಟಿನ ತಟ್ಟೆ ಸರಿಸಿದರು.

ಅಲ್ಲೇ ಹೊಸ ಅರ್ಜಿ ಬರೆದೆ. ಗೆರೆ ಮೂಡದ ಹೆಬ್ಬೆಟ್ಟನ್ನು ಕಚೇರಿ ಒಪ್ಪುವುದಿಲ್ಲ ಎಂದು ಸಾಹೇಬರು ಅನುಮಾನಿಸಿದಾಗ, ಗೆಳತಿಯರ ಜೊತೆ ಬಾಗಿಲಲ್ಲಿ ಇಣುಕುತ್ತಿದ್ದ ಸಂಗವ್ವ ಮುಂದೆ ಬಂದು, ತಾಯಿಯ ಮಸಿಯ ಪಕ್ಕದಲ್ಲಿ 'ಇಂದ್ರವ್ವ' ಎಂದು ಬರೆದು, ಕೆಳಗೆ ತನ್ನ ಹೆಸರನ್ನೂ ಬರೆದಳು. ಉಳಿದ ಹುಡುಗಿಯರು ಸಾಲುಗಟ್ಟಿದರು.

ಜೂನಿನಲ್ಲಿ ಐದನೆಯ ಇಯತ್ತೆ ಬಂತು. ಸಾಹೇಬರು ಸುಳ್ಳು ಅರ್ಜಿಯನ್ನು ಹರಿದು, ಮಂಡಳದ ಮರ್ಯಾದೆ ಕಾಪಾಡಿದ್ದರು. ರಿಬ್ಬನ್ ಕತ್ತರಿಸಿದವರು— ಗುರುಲಿಂಗವ್ವ! ಕತ್ತರಿ ಹಿಡಿದದ್ದು ಅದೇ ಹೆಬ್ಬೆಟ್ಟು. "ಇದು ಮಂಡಳದ ಹೋರಾಟಕ್ಕೆ ಸಂದ ಜಯ," ಎಂದು ಭಾಷಣ ಮಾಡಿದರು. ಚಪ್ಪಾಳೆಯೂ ಬಿತ್ತು.

ರಿಬ್ಬನ್ನಿನ ತಟ್ಟೆ ಹಿಡಿಯಲು ನನ್ನನ್ನು ಕರೆದಿದ್ದರು. ನಾನು ಹೋಗದೆ ಹಿಂದೆ ಇಂದ್ರವ್ವನ ಪಕ್ಕ ಕುಳಿತಿದ್ದೆ. ಅಷ್ಟರಿಂದಲೇ ನನ್ನ ಪಾಲಿನ ತಪ್ಪನ್ನು ತೊಳೆದುಕೊಂಡೆ ಎಂಬ ಸಮಾಧಾನವಿತ್ತು.

ಆಕೆ ವೇದಿಕೆಯಿಂದ ಕಣ್ಣು ಕೀಳದೆ ಕೇಳಿದಳು: "ಬಾಯಾರ, ಅವತ್ತು ನಮ್ಮ ಬೆರಳು ಹಿಡದು ಒತ್ತಿಸಿದ ಮ್ಯಾಲ, ಹೊರಗ ಹೋಗಿ ಸೆರಗಿಲೆ ಕೈ ತಿಕ್ಕಿ ತಿಕ್ಕಿ ಒರಸ್ಕೊಂಡ್ರಿ. ಮಸಿ ನಿಮ್ಮ ಕೈಗೆ ಹತ್ತಿದ್ದಿಲ್ಲಲ್ಲ?"

ಹತ್ತಿರಲಿಲ್ಲ. ಅದನ್ನೂ ಆಕೆ ನೋಡಿದ್ದಳು.