ಅಮೃತಪ್ಪನ ಜೀವಭಯ

ಕರಜಗಿಯ ಬೀರಣ್ಣ ಹೊಲದ ನಡುವೆ ಬೋರಲು ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲಿ ಎತ್ತು ಎಳೆಯುವ ಕುಂಟೆಯ ಕುಡ, ಉದ್ದನೆಯ ಕಬ್ಬಿಣದ ಅಲಗು. ಅದರ ತುಂಬ ರಕ್ತ. ಹೆಣದ ಬಲಗೈಯಲ್ಲಿ ಕುಡಗೋಲು. ಸೋಮವಾರದ ಮಟಮಟ ಮಧ್ಯಾಹ್ನ.

ಅಕ್ಕಲಕೋಟ ಠಾಣೆಯ ಹವಾಲ್ದಾರ ರಾಚಪ್ಪ ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಸತ್ತವನ ಹೆಂಡತಿ ರೇವಮ್ಮನ ಕಣ್ಣಲ್ಲಿ ನೀರಿರಲಿಲ್ಲ. ಬೆಂಕಿ ಇತ್ತು.

"ಹೊಲದ ಮಾಲಕ ಅಮೃತಪ್ಪ ಪಾಟೀಲ್ರು ಹೊಡದಾರ್ರಿ. ಉಳಾಂವಗೇ ಹೊಲ ಅನ್ನೂ ಕುಳ ಕಾಯ್ದೆದಾಗ ಈ ಹೊಲ ನಮ್ಮ ಹೆಸರಿಗಿ ಆಗೂದಿತ್ತು. ಅದಕ್ಕ."

"ಈ ಕುಡಗೋಲು ನಿಮ್ದೇನವ್ವಾ?"

"ನಮ್ದು ಮನ್ಯಾಗ ಅದರಿ."

ಪುಣೆ ಕಡೆಯಿಂದ ಬಂದ ಫೌಜದಾರ, ಒಂದು ಮನೆಯಲ್ಲಿ ಎರಡು ಇರಬಾರದೇ ಎಂದು ಭುಜ ಕುಣಿಸಿದ. ಅವನ ಮಾತೂ ಸುಳ್ಳಲ್ಲ. 'ಪಾಟೀಲ ಹೊಲದಾಗ ಕಾಲಿಟ್ರ ಕಡೀತೀನಿ' ಎಂದು ಬೀರಣ್ಣ ಹೋದ ವಾರ ಚಾವಡಿ ಮುಂದೆ ಕೂಗಾಡಿದ್ದನ್ನು ಅರ್ಧ ಊರು ಕೇಳಿತ್ತು.

*

ಸಂಜೆ ಅಮೃತಪ್ಪ ತಾನೇ ಠಾಣೆಗೆ ಬಂದ. ಜೊತೆಗೆ ಸೋಲಾಪುರದ ವಕೀಲ ಚನ್ನವೀರಪ್ಪ. ವಕೀಲನನ್ನು ಕಂಡದ್ದೇ ರಾಚಪ್ಪನ ಮೈ ಉರಿಯಿತು.

ಎರಡು ವರ್ಷದ ಹಿಂದೆ ಭಂಡಾರಕವಠೆಯಲ್ಲಿ ರಾಚಪ್ಪನ ತಮ್ಮ ಸಿದ್ದಣ್ಣನನ್ನು ಬಡಿದು ಕೊಂದಿದ್ದರು. ಕೊಂದವನನ್ನು ಬಿಡಿಸಿಕೊಂಡು ಹೋದವನು ಇದೇ ವಕೀಲ. 'ಜೀವದ ಭಯದಿಂದ ಹೊಡೆದ' ಎಂಬ ಒಂದೇ ಮಾತಿನ ಬಲದಿಂದ! ಕಾಲವೂ ಬದಲಾಗಿತ್ತು ನೋಡಿ. ಮೊದಲೆಲ್ಲ ಆತ್ಮರಕ್ಷಣೆ ಎಂದವನು ಅದನ್ನು ಗಟ್ಟಿಯಾಗಿ ರುಜುವಾತು ಮಾಡಬೇಕೆಂದು ಕೋರ್ಟು ಪಟ್ಟು ಹಿಡಿಯುತ್ತಿತ್ತು. ಈಗ, ಹಾಗೂ ಆಗಿರಬಹುದು ಎಂದು ತೋರಿಸಿದರೆ ಸಾಕು. ನಿರಪರಾಧಿಗೆ ಅದು ಒಳ್ಳೆಯದೇ. ಆದರೆ ಚನ್ನವೀರಪ್ಪ ಅದೇ ಸಂದಿಯಲ್ಲಿ ಕೊಲೆಗಾರರನ್ನು ನುಸುಳಿಸುತ್ತಿದ್ದ.

ವಕೀಲ ಹೇಳಿಕೆ ಓದಿದ. "ಬೆಳಿಗ್ಗೆಯಿಂದ ಎತ್ತು ಹೂಡಿ ಕುಂಟೆ ಹೊಡೆಯುತ್ತಿದ್ದೆ. ಕುಡ ಸಡಿಲಾಯಿತು. ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ಬೀರಣ್ಣ ಕುಡಗೋಲು ಎತ್ತಿ ಮೈಮೇಲೆ ಬಂದ. ಜೀವದ ಭಯದಿಂದ ಕೈಯಲ್ಲಿದ್ದುದನ್ನೇ ಬೀಸಿದೆ." ಓದಿ ನಕ್ಕ. "ಆಯುಧ ಒಯ್ದಿಲ್ಲ, ಹುಡುಕಿಲ್ಲ. ಕೆಲಸದ ಸಾಮಾನು, ಅಷ್ಟ!"

ಅಮೃತಪ್ಪ ತಲೆ ಎತ್ತಲಿಲ್ಲ. ರಾಚಪ್ಪನ ಕಿವಿ ನೆಟ್ಟಗಾಯಿತು. ಹೇಳಿಕೆಯ ಹಾಳೆಗಳನ್ನು ಅಮೃತಪ್ಪನ ಮುಂದೆ ಸರಿಸಿದ.

"ಎಲ್ಲಾ ಹಾಳಿ ಮ್ಯಾಲೂ ಸಹಿ ಮಾಡ್ರಿ, ಪಾಟೀಲ್ರ," ಎಂದನಷ್ಟೇ.

*

ಮರುದಿನ ರಾಚಪ್ಪ ಪಾಟೀಲರ ಮನೆಗೆ ಹೋದ. ಕಟ್ಟೆಯ ಮೇಲೆ ಅಮೃತಪ್ಪನ ತಾಯಿ ಶಾರದಾಬಾಯಿ ಕೂತಿದ್ದಳು.

"ಎವ್ವಾ, ನಿನ್ನಿ ನಿಮ್ಮ ಎತ್ತ ಹೊಲದಾಗ ಭಾಳ ದಣದಿರಬೇಕಲ್ಲ?"

ಮುದುಕಿ ಸಿಡಿದಳು. "ಏನ್ ಮಾತಾಡ್ತಿಯೋ ತಮ್ಮಾ! ಸೋಮವಾರ ಬಸವಣ್ಣನ ಹೆಗಲಿಗಿ ನೊಗ ಇಡೂ ಮನಿತನ ಏನು ನಮ್ದು? ಮೈ ತೊಳದು ವಿಭೂತಿ ಹಚ್ಚೀನಿ. ಹಗಲೆಲ್ಲಾ ಕೊಟ್ಟಿಗ್ಯಾಗೇ ಇದ್ವು."

"ಮತ್ತ ಕುಂಟಿ ಕುಡ?"

"ಮೊನ್ನಿ ಐತಾರ ಸಂಜಿಗೇ ಬಿಚ್ಚಿ ಮನಿಗಿ ತಂದಿದ್ದ. ನಿನ್ನಿ ಮುಂಜಾನಿ ಕಂಬಾರನ ಕಡಿ ಹರಿತ ಮಾಡಸ್ತೀನಂತ ತಗೊಂಡ್ಹೋದ."

ಸಾಕ್ಷಿಗೆಂದು ಕರೆಸಿದ ಎದುರು ಮನೆಯ ಇಬ್ಬರು ಪಂಚರ ಮುಂದೆ ಮುದುಕಿ ಅದನ್ನೇ ಹೆಮ್ಮೆಯಿಂದ ಮತ್ತೆ ಹೇಳಿದಳು. ಆ ಮಾತು ಮಗನಿಗೇ ಉರುಳು; ರಾಚಪ್ಪ ಪೆನ್ನು ಕೆಳಗಿಳಿಸಿದ. ತಮ್ಮನ ಹೆಣ ಕಣ್ಣ ಮುಂದೆ ಬಂತು. ಬರೆದುಕೊಂಡ.

ಊರೊಳಗಿನ ಕಂಬಾರ ಮಲಕಾಜಪ್ಪ ತಲೆಯಾಡಿಸಿದ. "ಪಾಟೀಲ್ರು ಬಂದೇ ಇಲ್ರಿ." ಹೆಣದ ಕೈಯಲ್ಲಿ ಸಿಕ್ಕ ಕುಡಗೋಲನ್ನು ತಿರುಗಿಸಿ ನೋಡಿದ. "ಇದು ನಂದೇ ಕೈಕೆಲಸ. ಹೋದ ತಿಂಗಳ ಪಾಟೀಲ್ರ ಮನಿಗೇ ಮಾಡಿ ಕೊಟ್ಟೀನಿ."

*

ಜಾಮೀನಿನ ದಿನ ಅಕ್ಕಲಕೋಟ ಕೋರ್ಟು ಕಿಕ್ಕಿರಿದಿತ್ತು. ಚನ್ನವೀರಪ್ಪ ಅದೇ ಹೇಳಿಕೆ ಮುಂದಿಟ್ಟು ಗಂಟೆಗಟ್ಟಲೆ ಮಾತಾಡಿದ. ಆಮೇಲೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಂದ ರಾಚಪ್ಪ ಎದ್ದ.

"ಸೋಮವಾರ ನಮ್ಮ ಕಡಿ ಎತ್ತು ಹೂಡಂಗಿಲ್ರಿ, ಸಾಹೇಬ್ರ. ಇವ್ರ ಮನ್ಯಾಗಂತೂ ಇಲ್ಲೇ ಇಲ್ಲ. ಎತ್ತಿಲ್ಲ ಅಂದಮ್ಯಾಲ ಕುಂಟಿ ಎಲ್ಲಿದು? ಕುಡ ಮನ್ಯಾಗಿತ್ತು. ಕಂಬಾರನ ನೆಪ ಮಾಡಿ ಹೊಲಕ್ಕ ಒಯ್ದು ಹಾದಿ ಕಾದಾರ. ಬರಿಗೈಲೆ ಬಂದ ಬೀರಣ್ಣನ್ನ ಹೊಡದಾರ. ತಮ್ಮ ಮನೀದೇ ಕುಡಗೋಲು ಹೆಣದ ಕೈಯಾಗ ಇಟ್ಟಾರ. ಭಯ ಇದ್ದಾಂವ ಹಿಂಗ ತಯಾರಿ ಮಾಡ್ಕೊಂಡು ಬರ್ತಾನೇನ್ರಿ?"

ವಕೀಲ ಅಂಗಡಿಕಾರರ ಮನೆಯವನು. ಎತ್ತಿನ ಹಗ್ಗ ಹಿಡಿದ ಜೀವವಲ್ಲ. ನಿಜವೇ ಎಂದು ಕಕ್ಷಿದಾರನ ಕಡೆ ತಿರುಗಿದ.

"ಸೋಮವಾರ ಎತ್ತು ಹೂಡಂಗಿಲ್ಲ ಅಂತ ನಾ ಅವತ್ತೇ ಹೇಳಾಕ ಬಂದಿದ್ದೆ," ಅಮೃತಪ್ಪ ತೊದಲಿದ. "ಸುಮ್ನ ಸಹಿ ಮಾಡು, ಫೌಜದಾರಗ ಏನ್ ತಿಳೀತದ ಅಂದ್ರಿ."

ಜಾಮೀನು ಸಿಗಲಿಲ್ಲ.

ಹೊರಗೆ ಚನ್ನವೀರಪ್ಪ ರಾಚಪ್ಪನನ್ನು ತಡೆದ. "ಗೊತ್ತಿದ್ರ ಅವತ್ತೇ ಯಾಕ ಹೇಳ್ಲಿಲ್ಲ?"

"ಸಹಿ ಆಗ್ಲಿ ಅಂತ್ರಿ. ನಾ ಭಂಡಾರಕವಠಿ ಸಿದ್ದಣ್ಣನ ಅಣ್ಣ."

ವಕೀಲನ ಮುಖ ಕಪ್ಪಿಟ್ಟಿತು. ರಾಚಪ್ಪನಿಗೆ ಎರಡು ವರ್ಷದ ಮೇಲೆ ಎದೆ ತಣ್ಣಗಾಯಿತು.

ಬೇಡಿ ಹಾಕಿದ ಅಮೃತಪ್ಪನನ್ನು ಗಾಡಿಗೆ ಹತ್ತಿಸುತ್ತಿದ್ದರು. ರೇವಮ್ಮ ಗುಂಪು ಸರಿಸಿ ಅವನೆದುರು ಬಂದು ನಿಂತಳು. ಅವನು ಪೇದೆಯ ಬೆನ್ನ ಹಿಂದೆ ಸರಿದ.

"ಹೆದರಬ್ಯಾಡ್ರಿ ಪಾಟೀಲ್ರ, ನಾ ಮುಟ್ಟಂಗಿಲ್ಲ," ಎಂದಳು. "ಜೀವದ ಭಯ ಅಂದ್ರ ಹ್ಯಾಂಗಿರ್ತದ ಅಂತ ನೋಡ್ಕೊಂಡು ಹೋಗಾಕ ಬಂದೀನಿ."