ಸೊನ್ನೆ ಬಿದ್ದ ಗೋಡೆ

“ನಿಲ್ಲಿಸಿ! ಇನ್ನೊಂದು ಇಟ್ಟಿಗೆ ಎತ್ತಿದ್ರೆ ನೋಡಿ!”

ದೊಡ್ಡಮ್ಮನ ಕೂಗಿಗೆ ಇಬ್ಬರು ಪೇದೆಗಳೂ ಬಗ್ಗಿದಲ್ಲೇ ನಿಂತರು. ಬಿದ್ದ ಗೋಡೆಯ ರಾಶಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು, ಒಂದರಲ್ಲಿ ಮಾತ್ರ ಚಪ್ಪಲಿ. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತು ಶವದ ಬೆನ್ನಡಿಗೆ ಕೈ ತೂರಿಸಿದರು. ಹೊರಬಂದ ಮುಷ್ಟಿಯ ತುಂಬ ಗಾರೆ, ಇಟ್ಟಿಗೆ ಚೂರು.

“ಕೆಳಗೂ ಇದೆ,” ಎಂದರು.

“ಗೋಡೆ ಬಿದ್ದ ಮೇಲೆ ಎಲ್ಲಾ ಕಡೆ ಇರುತ್ತೆ ಮೇಡಂ. ರಿಟೈರ್ ಆದ್ರೂ ಬಿಡಲ್ವಲ್ಲ ನೀವು,” ಎಂದ ಇನ್ಸ್‌ಪೆಕ್ಟರ್.

ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡುತ್ತಿದ್ದವರು ನಮ್ಮ ದೊಡ್ಡಮ್ಮ. ಜನರ ಸುಳ್ಳು ಬಡಿದೂ ಬಡಿದೂ ಅವರ ಬೆರಳ ತುದಿ ಚಪ್ಪಟೆಯಾಗಿತ್ತು. ಹಿಂದೆ ಎರಡು ಸಲ ಈ ಇನ್ಸ್‌ಪೆಕ್ಟರನ ಮಾನ ಉಳಿಸಿದ್ದರಿಂದ ಅವನು ಗೊಣಗುತ್ತಿದ್ದನೇ ಹೊರತು ತಡೆಯುತ್ತಿರಲಿಲ್ಲ. ನಾವಿದ್ದದ್ದು ಪಕ್ಕದ ಮನೆಯ ಮಹಡಿಯಲ್ಲಿ. ಈ ಮನೆ ರಿಪೇರಿ ಶುರುವಾದಾಗಿನಿಂದ ಒಡೆಯುವ ಸದ್ದಿಗೆ ನಮ್ಮ ಕಿವಿ ಎಷ್ಟು ಮರಗಟ್ಟಿತ್ತೆಂದರೆ, ಕೊಲೆಯ ಸದ್ದನ್ನೂ ಕೆಲಸದ ಸದ್ದು ಅಂದುಕೊಂಡು ಕೂತಿದ್ದೆವು.

ಸತ್ತವನು ಮನೆಯ ಯಜಮಾನ. ಅವತ್ತು ಕೂಲಿಯವರಿಗೆ ರಜೆ. ಅವನ ತಾಯಿ, ಹೆಂಡತಿ ನಲ್ಲಿ ಆರಿಸಲು ಅಂಗಡಿಗೆ ಹೋಗಿದ್ದರು. ಅವನ ತಮ್ಮ ಹಿತ್ತಲಿನ ತನ್ನ ಕೋಣೆಯಲ್ಲಿ ಮಲಗಿದ್ದನಂತೆ. ಟೈಲ್ಸ್ ಮಾತಾಡಲು ಬಂದ ಮೇಸ್ತ್ರಿ, ಬೀದಿ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದ್ದರಿಂದ ಹಿತ್ತಲ ಕಡೆಯಿಂದ ನುಗ್ಗಿ, ಹೆಣ ಕಂಡು ಕಿರುಚಿದ್ದ. ಈಗ ಅವನೇ ಲಾಕಪ್ಪಿನಲ್ಲಿದ್ದ.

“ಅಟ್ಟ ಹೊತ್ತ ಗೋಡೆ ಇದು. ಒಡೀಬಾರದ್ದನ್ನ ಸಡಿಲ ಮಾಡಿಟ್ಟಿದ್ದಾನೆ, ಯಜಮಾನನ ಮೇಲೆ ಬಿದ್ದಿದೆ. ಬೇಕಿದ್ರೆ ನೋಡಿ, ಅವನದೇ ಗುರುತು,” ಎಂದ ಇನ್ಸ್‌ಪೆಕ್ಟರ್. ಬೀಳದೆ ಉಳಿದ ತುಂಡಿನ ಮೇಲೆ ಕೆಂಪು ಸೀಮೆಸುಣ್ಣದ ದೊಡ್ಡ ಇಂಟು ಗುರುತು.

“ಗುರುತಿನ ಬಗ್ಗೆ ಮೇಸ್ತ್ರಿ ಏನಂದ?”

“ಕೇಳೋದೇನಿದೆ? ಕಣ್ಣಿಗೇ ಕಾಣ್ತಿದೆಯಲ್ಲ.”

ದೊಡ್ಡಮ್ಮ ನನ್ನನ್ನು ಕರೆದುಕೊಂಡು ಕೋಣೆ ಕೋಣೆ ಸುತ್ತಿದರು. ಅಡುಗೆಮನೆಯ ಗೋಡೆ ನೆಟ್ಟಗಿತ್ತು, ಅದರ ಮೇಲೊಂದು ಇಂಟು. ನಡುಕೋಣೆಯ ಕಂಬದ ಮೇಲೂ ಇಂಟು. ಅರ್ಧ ಕೆಡವಿದ್ದ ಹಳೇ ಬಚ್ಚಲ ಗೋಡೆಯಲ್ಲಿ ಸೊನ್ನೆಯೊಂದರ ಕೆಳಭಾಗ ಮಾತ್ರ ಬಟ್ಟಲಿನಂತೆ ಉಳಿದಿತ್ತು.

ಆಮೇಲೆ ಅವರು ಸತ್ತವನ ಹೆಂಡತಿ, ಆ ಮನೆಯ ಸೊಸೆಯ ಬಳಿ ಕೂತು ಏನೋ ಕೇಳಿದರು. ಅವಳು ತಲೆಯೆತ್ತದೆ ಉತ್ತರಿಸಿದಳು. ಹೊರಡುವ ಮುಂಚೆ ಕೆಂಪು ಗುರುತಿನ ಮೇಲೊಂದು ಗೋಣಿಚೀಲ ಇಳಿಬಿಡಿಸಿದರು.

ದಹನ ಮುಗಿದ ಮಾರನೆಯ ಬೆಳಿಗ್ಗೆ ಎಲ್ಲರೂ ಆ ಮುರುಕು ಹಾಲಿನಲ್ಲಿ ಸೇರಿದೆವು. ತಾಯಿ ಸಿಮೆಂಟ್ ಚೀಲದ ಮೇಲೆ ಕೂತಿದ್ದರು, ಸೊಸೆ ಕಿಟಕಿಗೆ ಒರಗಿದ್ದಳು. ಪೇದೆಯ ಪಕ್ಕ ಮೇಸ್ತ್ರಿ, ಮುಖ ಊದಿಕೊಂಡಿತ್ತು. ಸತ್ತವನ ತಮ್ಮ ಹಿತ್ತಲ ಬಾಗಿಲಲ್ಲೇ ನಿಂತಿದ್ದ, ಕರೆಯದ ಮನೆಗೆ ಬಂದವನ ಹಾಗೆ.

“ಮೊದಲು ಒಂದು ಕೆಲಸ ಆಗಲಿ,” ಎಂದರು ದೊಡ್ಡಮ್ಮ ಆ ತಮ್ಮನ ಕೈಗೆ ಸೀಮೆಸುಣ್ಣ ಕೊಟ್ಟು. “ಆ ಮೂಲೆ ಗೋಡೆ ವಾಲಿದೆ. ಇನ್ನೊಬ್ಬರ ತಲೆ ಮೇಲೆ ಬೀಳೋ ಮುಂಚೆ ಒಡೆಸ್ಬೇಕು. ನನಗೆ ಎಟಕಲ್ಲ, ಒಡೆಯೋ ಗುರುತು ಹಾಕ್ಬಿಡಪ್ಪ.”

ಅವನು ಹೋಗಿ ಎರಡು ಗೆರೆ ಎಳೆದ. ಇಂಟು.

“ಅದಲ್ವೋ, ಸೊನ್ನೆ...” ಎಂದರು ತಾಯಿ. ಮಾತು ಅಲ್ಲೇ ಕಡಿಯಿತು. ಅವರ ಕೈ ತಾನಾಗಿ ಬಾಯಿಗೆ ಹೋಯಿತು.

ದೊಡ್ಡಮ್ಮ ಗೋಣಿಚೀಲ ಎಳೆದರು. ಅದೇ ಇಂಟು, ಅದೇ ಓರೆ.

“ಮೇಸ್ತ್ರಿ, ನಿನ್ನ ಲೆಕ್ಕದಲ್ಲಿ ಇದಕ್ಕೇನರ್ಥ?”

“ಕೈ ಹಚ್ಚಬೇಡಿ ಅಂತ ಅಮ್ಮಾ. ಸೊನ್ನೆ ಅಂದ್ರೆ ಆ ಗೋಡೆ ಇನ್ನಿಲ್ಲ ಅಂತ. ಕೆಲಸದ ಮೊದಲನೇ ದಿನಾನೇ ಮನೆಯವರಿಗೆಲ್ಲ ಹೇಳಿದ್ದೆ. ಈ ಗೋಡೆ ನಮ್ಮ ಕೆಲಸದಲ್ಲೇ ಇರ್ಲಿಲ್ಲ, ನಾನು ಗುರುತೇ ಹಾಕಿಲ್ಲ.”

ದೊಡ್ಡಮ್ಮ ಇನ್ಸ್‌ಪೆಕ್ಟರನ ಕಡೆ ತಿರುಗಿದರು. “ನಿಂತವನ ಮೇಲೆ ಗೋಡೆ ಬಿದ್ರೆ ಅವನ ಬೆನ್ನ ಕೆಳಗೆ ನೆಲ ಇರ್ಬೇಕು. ಇವರ ಬೆನ್ನ ಕೆಳಗೆ ಗೋಡೆನೇ ಇತ್ತು. ಅಂದ್ರೆ ಮೊದಲು ಪೆಟ್ಟು, ಆಮೇಲೆ ಗೋಡೆ, ಅದರ ಮೇಲೆ ಹೆಣ, ಹೆಣದ ಮೇಲೆ ಮತ್ತೆ ಇಟ್ಟಿಗೆ. ಬೀದಿ ಬಾಗಿಲಿಗೆ ಚಿಲಕ ಇತ್ತು. ಹಿತ್ತಲಿಂದ ಬರೋಕಾಗಿದ್ದು ಇಬ್ಬರಿಗೆ, ಮೇಸ್ತ್ರಿಗೆ, ಇವನಿಗೆ. ತಪ್ಪನ್ನ ಮೇಸ್ತ್ರಿ ತಲೆಗೆ ಕಟ್ಟೋಕೆ ಯಾರೋ ಈ ಗುರುತು ಬರೆದರು. ಮೇಸ್ತ್ರಿಯ ಭಾಷೆ ಗೊತ್ತಿಲ್ಲದವರು. ಇವನ ಅತ್ತಿಗೆ ನನಗೆ ಹೇಳಿದ ಹಾಗೆ, ಮೇಸ್ತ್ರಿ ಅದನ್ನ ಹೇಳಿಕೊಟ್ಟ ದಿನ ಈ ಮನೆಯಲ್ಲಿ ಇಲ್ಲದಿದ್ದವನು ಇವನೊಬ್ಬನೇ.”

“ಇಲ್ಲದಿದ್ದವನಲ್ಲ,” ಎಂದ ತಮ್ಮ. “ಹಿತ್ತಲಲ್ಲೇ ಇದ್ದೆ. ನನ್ನ ಯಾರೂ ಕರೀಲಿಲ್ಲ. ನಕ್ಷೆ ನೋಡಿದೀರಾ? ನನ್ನ ಕೋಣೆ ಇರೋ ಜಾಗದಲ್ಲಿ ಅಣ್ಣ ಬಚ್ಚಲು ಅಂತ ಬರೆದಿದ್ದ. ನಾನೆಲ್ಲಿರ್ಲಿ ಅಂತ ಕೇಳಿದ್ರೆ, ಗೋಡೆ ಅಳೀತಾ ಅಳೀತಾ, ‘ನೋಡೋಣ ಬಿಡೋ’ ಅಂದ. ತಿರುಗಿ ಕೂಡ ನೋಡ್ಲಿಲ್ಲ. ಸುತ್ತಿಗೆ ಅಲ್ಲೇ ಬಿದ್ದಿತ್ತು.”

ಪೇದೆ ಅವನ ತೋಳು ಹಿಡಿದು ಹೊರಗೆ ಕರೆದೊಯ್ದ. ಇನ್ಸ್‌ಪೆಕ್ಟರ್ ದೊಡ್ಡಮ್ಮನ ಬಳಿ ಬಂದು ದನಿ ತಗ್ಗಿಸಿದ. “ನಾಳೆ ಕೋರ್ಟಲ್ಲಿ ಇವನು ‘ನಾನು ಹಾಗಂದೇ ಇಲ್ಲ’ ಅಂತಾನೆ. ಆಮೇಲೆ ಉಳಿಯೋದು ಗುರುತಿನ ಅರ್ಥ ಒಂದೇ. ಮೇಸ್ತ್ರಿ ಮಾತು ಮೇಸ್ತ್ರಿಗೇ ಸಾಕ್ಷಿ ಆಗಲ್ಲ. ಮನೆಯವರು ಯಾರಾದ್ರೂ ಹೇಳ್ಬೇಕು.” ಅವನು ಜೀಪಿನ ಕಡೆ ನಡೆದ.

ತಾಯಿಗೆ ಅದು ಕೇಳಿಸಿತ್ತು. ಎದ್ದು ಸೊಸೆಯ ಎರಡೂ ಕೈ ಹಿಡಿದುಕೊಂಡರು. ನಾವಿರುವುದು ಅವರ ಕಣ್ಣಿಗೆ ಬೀಳಲೇ ಇಲ್ಲ.

“ನಾನು ಬಾಯಿ ಬಿಡಲ್ಲ. ನೀನೂ ಬಿಡಬೇಡ ಕಣಮ್ಮಾ. ಸೊನ್ನೆ, ಇಂಟು ನನಗೇನೂ ಗೊತ್ತಿಲ್ಲ ಅಂದ್ಬಿಡು. ಇವನೊಬ್ಬನಾದ್ರೂ ಉಳೀಲಿ. ಇಡೀ ಮನೆ ನಿನ್ನ ಹೆಸರಿಗೇ ಬರೀತೀನಿ. ನಿನ್ನ ಗಂಡ ಅಂದ್ಕೊಂಡಿದ್ದ ಹಾಗೇ ಕಟ್ಟಿಸ್ಕೊ. ನಿನ್ನ ಕಾಲು ಹಿಡೀತೀನಿ.”

ಗೋಡೆಯ ಪಕ್ಕ ಮೇಸ್ತ್ರಿ ಸೊಸೆಯ ಮುಖವನ್ನೇ ನೋಡುತ್ತಿದ್ದ.

ಅವಳು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಬೇಡ ಅತ್ತೆ,” ಎಂದಳು. “ನಿಮ್ಮ ಮನೆ ನನಗೆ ಬೇಡ.”